ತಿರುವು ಅಂದರೆ ಟ್ವಿಸ್ಟ್ ಅಲ್ಲ

ಮೊನ್ನೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಒಂದು ಕೈಗೆ ಬಂತು. ಅದರಲ್ಲಿ ‘ಎರಡನೇ ಮಹಾಯುದ್ಧದ ಪ್ರಮುಖ ತಿರುವುಗಳು’ ಅಂತ ಒಂದು ಪಟ್ಟಿ. ಎಣಿಸಿದೆ, ಹದಿನೇಳಿದ್ದವು. ಡನ್‌ಕರ್ಕ್‌ನಿಂದ ಹಿರೋಷಿಮಾವರೆಗೆ ಸದ್ದು ಮಾಡಿದ್ದೆಲ್ಲ ಅಲ್ಲಿತ್ತು. ಆರು ವರ್ಷದಲ್ಲಿ ಹದಿನೇಳು ಸಲ ತಿರುಗಲು ಅದೇನು ಗಾಣದ ಎತ್ತೇ?

ಇದಕ್ಕೆ ಟೀವಿಯವರನ್ನೇ ಬೈಯಬೇಕು. ‘ಪ್ರಕರಣಕ್ಕೆ ಹೊಸ ತಿರುವು’ ಅಂತ ದಿನಕ್ಕೆ ನಾಲ್ಕು ಸಲ ಕೇಳಿ ಕೇಳಿ, ತಿರುವು ಅಂದರೆ ಬೆಚ್ಚಿ ಬೀಳಿಸುವ ಸುದ್ದಿ ಅಂತ ಆಗಿಹೋಗಿದೆ. ಅದು ಟ್ವಿಸ್ಟ್. ಟ್ವಿಸ್ಟ್ ಆಗುವುದು ನೋಡುವವರ ತಲೆಯಲ್ಲಿ, ತಿರುವು ಇರುವುದು ದಾರಿಯಲ್ಲಿ.

ಪದವನ್ನೇ ನೋಡಿ. ತಿರುಗು, ತಿರುಚು, ತಿರುಪು, ತಿರುಗಣಿ ಎಲ್ಲ ಒಂದೇ ಮನೆಯವು. ದೋಸೆ ತಿರುವಿ ಹಾಕುತ್ತೇವೆ, ಪುಟ ತಿರುವುತ್ತೇವೆ, ಕೆಲವರು ಮೀಸೆ ತಿರುವುತ್ತಾರೆ. ಮನೆ ಮನೆ ಸುತ್ತಿ ತಿರಿದು ತಿನ್ನುವವನು ತಿರುಕ. ‘ಹಿಂದೆ’ಗೆ ‘ತಿರುಗು’ ಸೇರಿ ಹಿಂದಿರುಗು ಆಯಿತು. ಈ ಇಡೀ ಬಳಗದಲ್ಲಿ ದೊಡ್ಡದು, ಭಯಂಕರ, ಅನಿರೀಕ್ಷಿತ ಅನ್ನುವ ಅರ್ಥ ಎಲ್ಲೂ ಇಲ್ಲ. ಇತ್ತ ಇದ್ದ ಮುಖ ಅತ್ತ ಆಯಿತು, ಅಷ್ಟೇ. ಆಗುಂಬೆ ಘಾಟಿಯಲ್ಲಿ ‘ತಿರುವು’ ಅಂತ ಬೋರ್ಡ್ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಅದನ್ನು ದಾಟಿದ ಮೇಲೆ ಬಸ್ಸಿನ ಮೂತಿ ಬೇರೆ ಕಡೆ ಇರುತ್ತದೆ.

ಹಾಗಾಗಿ ಒಂದು ಕದನಕ್ಕೆ ಈ ಪದ ಅಂಟಿಸುವ ಮೊದಲು ಒಂದೇ ಪ್ರಶ್ನೆ ಕೇಳಿದರೆ ಸಾಕು. ಅದಕ್ಕೆ ಮುಂಚೆ ನುಗ್ಗುತ್ತಿದ್ದವರು ಯಾರು, ಆಮೇಲೆ ನುಗ್ಗಿದವರು ಯಾರು? ಸತ್ತವರ ಲೆಕ್ಕ ಇಲ್ಲಿ ಬರುವುದಿಲ್ಲ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ವಿಮಾನ ಕಾಳಗ ಜರ್ಮನರಿಗೆ ಬಿದ್ದ ತಡೆ. ತಡೆ ಬೇರೆ, ತಿರುವು ಬೇರೆ. ಹಿರೋಷಿಮಾ ಅಂತೂ ದಾರಿಯ ಕೊನೆ. 1945ರ ಆಗಸ್ಟ್ ಹೊತ್ತಿಗೆ ಜಪಾನ್ ಹಿಂದೆ ಸರಿಯಲು ಶುರುಮಾಡಿ ಎರಡು ವರ್ಷದ ಮೇಲಾಗಿತ್ತು. ಅಲ್ಲಿ ತಿರುಗಲು ಉಳಿದದ್ದೇನು?

ರಷ್ಯನ್ನರ ಪದ ಇನ್ನೂ ಖಡಕ್. ಅವರು ‘ಕೊರೆನ್ನೊಯ್ ಪೆರೆಲೊಮ್’ ಅನ್ನುತ್ತಾರೆ. ಪೆರೆಲೊಮ್ ಅಂದರೆ ಮುರಿತ. ಕೈಮೂಳೆ ಮುರಿದರೂ ಅಲ್ಲಿ ಡಾಕ್ಟರ್ ಬರೆಯುವುದು ಅದನ್ನೇ. ಕೊರೆನ್ನೊಯ್ ಬಂದದ್ದು ಬೇರು ಅನ್ನುವ ಪದದಿಂದ. ಒಟ್ಟಿಗೆ, ಬುಡದಲ್ಲೇ ಮುರಿದದ್ದು. ಇದನ್ನು ಅವರು ಒಂದು ದಿನಕ್ಕೋ ಒಂದು ಊರಿಗೋ ಕಟ್ಟಿಹಾಕುವುದಿಲ್ಲ. 1942ರ ನವೆಂಬರ್‌ನಿಂದ 1943ರ ಕೊನೆಯವರೆಗೆ ಸ್ಟಾಲಿನ್‌ಗ್ರಾಡ್ ಮತ್ತು ಕುರ್ಸ್ಕ್ ಊರುಗಳ ಕದನ, ಡ್ನೀಪರ್ ನದಿ ದಾಟಿದ್ದು ಎಲ್ಲ ಸೇರಿ ಒಂದೇ ಪೆರೆಲೊಮ್. ನಮ್ಮ ಗೈಡ್‌ಗಳಿಗೆ ಮಾತ್ರ ಒಂದು ತಾರೀಖು ಬೇಕೇ ಬೇಕು. 1943 ಫೆಬ್ರವರಿ 2 ಅಂತ ಬರೆದು ಕೈ ತೊಳೆದುಕೊಳ್ಳುತ್ತವೆ.

ಅದು ಸ್ಟಾಲಿನ್‌ಗ್ರಾಡ್‌ನಲ್ಲಿ ಕೊನೆಯ ಜರ್ಮನ್ ತುಕಡಿ ಕೈಯೆತ್ತಿದ ದಿನ. ದಾರಿ ತಿರುಗಿದ್ದು ಅದಕ್ಕೂ ಎರಡೂವರೆ ತಿಂಗಳು ಹಿಂದೆ. ನವೆಂಬರ್ 19, 20ಕ್ಕೆ ಸೋವಿಯತ್ ಸೇನೆ ದೊಡ್ಡ ಪೆಟ್ಟು ಕೊಟ್ಟಿತು. ಅದೂ ನಗರದ ಒಳಗಲ್ಲ, ನಗರದ ಎರಡೂ ಮಗ್ಗುಲಲ್ಲಿ ಜರ್ಮನರ ಪರವಾಗಿ ಕಾವಲಿದ್ದ ರೊಮೇನಿಯಾದ ಪಡೆಗಳಿಗೆ. ನಾಲ್ಕೇ ದಿನದಲ್ಲಿ ಎರಡು ಕಡೆಯಿಂದ ಬಂದ ಟ್ಯಾಂಕುಗಳು ಕಲಾಚ್ ಅನ್ನುವ ಊರಿನ ಹತ್ತಿರ ಸೇರಿದವು. ಜರ್ಮನಿಯ ಆರನೇ ಸೇನೆ ಒಳಗೆ ಸಿಕ್ಕಿಬಿತ್ತು. ಆಮೇಲಿನದು ಹಸಿವು ಮತ್ತು ಚಳಿಯ ಕಥೆ. ಜನವರಿ 30ಕ್ಕೆ ಹಿಟ್ಲರ್ ತನ್ನ ಸೇನಾಪತಿ ಪೌಲುಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಶರಣಾಗುವ ಬದಲು ಸಾಯಲಿ ಅನ್ನುವುದು ಅದರ ಒಳಮಾತು. ಪೌಲುಸ್ ಮರುದಿನವೇ ಸೆರೆಯಾದ. ಸುಮಾರು 91,000 ಜನ ಸೆರೆ ಸಿಕ್ಕರು. ಊರು ಕಂಡವರು ಐದಾರು ಸಾವಿರ.

ಇಷ್ಟಾದರೂ 1943ರ ಜುಲೈ 5ಕ್ಕೆ ಜರ್ಮನರು ಕುರ್ಸ್ಕ್‌ನಲ್ಲಿ ಮತ್ತೆ ಮುಂದೆ ಬಂದರು. ಆ ಏಟೂ ಹುಸಿಹೋದ ಮೇಲೆ ಪೂರ್ವದಲ್ಲಿ ಅವರು ಅಷ್ಟು ದೊಡ್ಡ ದಾಳಿಗೆ ಕೈಹಾಕಲಿಲ್ಲ. ಬಸ್ಸು ಪೂರ್ತಿ ತಿರುಗಿದ್ದು ಆಗ. ಘಾಟಿಯಲ್ಲೂ ಸ್ಟೇರಿಂಗ್ ಒಂದೇ ಕ್ಷಣದಲ್ಲಿ ತಿರುಗುವುದಿಲ್ಲ, ಅಲ್ವಾ?

ಶಾಂತಸಾಗರದಲ್ಲೂ ಇದೇ ಗೊಂದಲ. ಎಲ್ಲರ ಬಾಯಲ್ಲಿ ಮಿಡ್‌ವೇ, ಅಂದರೆ ಅಮೆರಿಕದ ಕೈಯಲ್ಲಿದ್ದ ಒಂದು ಪುಟ್ಟ ದ್ವೀಪದ ಬಳಿ ನಡೆದ ಕಾಳಗ. 1942ರ ಜೂನ್ 4ರಂದು ಅಮೆರಿಕದ ವಿಮಾನಗಳ ಏಟಿಗೆ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳು ಹೋದವು. ಮೂರಕ್ಕೆ ಬೆಂಕಿ ಬಿದ್ದದ್ದು ಕೆಲವೇ ನಿಮಿಷಗಳಲ್ಲಿ. ನಾಲ್ಕೂ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲಿನ ದಾಳಿಗೆ ಹೋಗಿದ್ದವೇ. ಕಥೆ ಸೊಗಸಾಗಿದೆ, ಅದಕ್ಕೇ ಜನಕ್ಕೆ ಇಷ್ಟ. ಜಪಾನಿನ ಗುಪ್ತ ಸಂದೇಶಗಳಲ್ಲಿ ‘ಎಎಫ್’ ಅಂದರೆ ಯಾವ ಜಾಗ ಅಂತ ತಿಳಿಯಲು, ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಅಂತ ಅಮೆರಿಕದವರು ಬೇಕೆಂದೇ ಬಯಲಾಗಿ ಸುಳ್ಳು ಸುದ್ದಿ ಕಳಿಸಿದರು. ಎಎಫ್‌ನಲ್ಲಿ ನೀರಿಲ್ಲ ಅಂತ ಜಪಾನಿನವರು ತಮ್ಮವರಿಗೆ ಹೇಳಿಕೊಂಡರು. ಸಿಕ್ಕಿಬಿದ್ದರು.

ಆದರೆ ಮಿಡ್‌ವೇ ಆದ ಮೇಲೂ ಜಪಾನ್ ದಕ್ಷಿಣಕ್ಕೆ ನುಗ್ಗುತ್ತಲೇ ಇತ್ತು. ನ್ಯೂ ಗಿನಿಯಲ್ಲಿ ಸೈನ್ಯ ಇಳಿಸಿತು, ಗ್ವಾಡಲ್‌ಕನಾಲ್ ದ್ವೀಪದಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿತ್ತು. ಆಗಸ್ಟ್ 7ಕ್ಕೆ ಅಮೆರಿಕದವರು ಆ ದ್ವೀಪದಲ್ಲಿ ಇಳಿದರು. ಆರು ತಿಂಗಳು ಕೆಸರು, ಮಲೇರಿಯಾ, ರಾತ್ರಿ ಹೊತ್ತಿನ ಹಡಗು ಕಾಳಗ. 1943ರ ಫೆಬ್ರವರಿಯಲ್ಲಿ ಜಪಾನ್ ಉಳಿದವರನ್ನು ಎತ್ತಿಕೊಂಡು ಹೋಯಿತು. ಮಿಡ್‌ವೇಯಲ್ಲಿ ಬ್ರೇಕ್ ಬಿತ್ತು, ಗ್ವಾಡಲ್‌ಕನಾಲ್‌ನಲ್ಲಿ ಬಂಡಿ ತಿರುಗಿತು ಅಂತ ನನ್ನ ಲೆಕ್ಕ.

ಇನ್ನು ನಾರ್ಮಂಡಿ. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರು ಫ್ರಾನ್ಸ್‌ನಲ್ಲಿ ಇಳಿದದ್ದು ಸಣ್ಣ ಮಾತಲ್ಲ. ಆದರೆ ಜರ್ಮನರು ಆಗಲೇ ಪೂರ್ವದಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದರು. ಎರಡು ದಿನ ಮುಂಚೆ ರೋಮ್ ಕೂಡ ಕೈಬಿಟ್ಟಿತ್ತು. ಇದನ್ನು ‘ನಿರ್ಣಾಯಕ ಘಟ್ಟ’ ಅನ್ನಿ, ಸಂತೋಷ. ಘಟ್ಟಕ್ಕೆ ನೀರಿನ ದಡದ ಮೆಟ್ಟಿಲು ಅನ್ನುವ ಅರ್ಥವೂ ಇದೆ, ಸ್ನಾನಘಟ್ಟ ಅನ್ನುತ್ತೇವಲ್ಲ. ಕಡಲಿನಿಂದ ದಡ ಹತ್ತಿದವರಿಗೆ ಇದಕ್ಕಿಂತ ಒಪ್ಪುವ ಪದ ಸಿಗದು.

ವಿಚಿತ್ರ ಅಂದರೆ, ಆ ಹದಿನೇಳರಲ್ಲಿ ನಮ್ಮ ನೆಲದ ಕದನವೇ ಇಲ್ಲ. ಅದೇ 1944ರ ವಸಂತದಲ್ಲಿ ಜಪಾನ್ ಬರ್ಮಾದಿಂದ ಇಂಫಾಲ, ಕೊಹಿಮಾವರೆಗೆ ಬಂದಿತ್ತು. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆಚೆಗೊಬ್ಬರು ಈಚೆಗೊಬ್ಬರು ನಿಂತು ಹೊಡೆದಾಡಿದರು. ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದ ಬ್ರಿಟಿಷ್ ಪಡೆ ಮತ್ತು ಇಂಫಾಲದಿಂದ ಹೊರಟ ಐದನೇ ಇಂಡಿಯನ್ ಡಿವಿಷನ್ ರಸ್ತೆಯಲ್ಲಿ ಎದುರಾದವು. ಅಲ್ಲಿಂದ ಜಪಾನ್ ಸೇನೆ ಬರ್ಮಾದ ಚಿಂದ್ವಿನ್ ನದಿಯತ್ತ ಹಿಂದಿರುಗಿತು. ಮರುವರ್ಷ ಮೇ ತಿಂಗಳಲ್ಲಿ ರಂಗೂನೂ ಹೋಯಿತು. ಮುಂಚೆ ಯಾರು, ಆಮೇಲೆ ಯಾರು ಅನ್ನುವ ಪ್ರಶ್ನೆಗೆ ಇಷ್ಟು ನೇರ ಉತ್ತರ ಕೊಡುವ ಕದನ ಇನ್ನೊಂದಿಲ್ಲ. ಎರಡು ಪಡೆಗಳು ಸೇರಿದ ಜಾಗ 109ನೇ ಮೈಲಿಗಲ್ಲು. ಇದೊಂದನ್ನು ‘ಮಹತ್ವದ ಮೈಲಿಗಲ್ಲು’ ಅಂತ ಯಾರಾದರೂ ಬರೆದರೆ ನನ್ನ ತಕರಾರಿಲ್ಲ.