ಆಲೀಲ್ ಆವೃತ್ತಿ: ನುಸಿಯ ಲೆಕ್ಕದಲ್ಲಿ ನೈಸರ್ಗಿಕ ಆಯ್ಕೆ

ಆವೃತ್ತಿ ಅಂದ ಕೂಡಲೇ ನೆನಪಾಗುವುದು ಪುಸ್ತಕದ ಮರುಮುದ್ರಣ, ಇಲ್ಲವೇ ರೇಡಿಯೋದ ಮೆಗಾಹರ್ಟ್ಸ್. ತಳಿವಿಜ್ಞಾನದಲ್ಲಿ ಈ ಪದಕ್ಕೆ ಅಷ್ಟು ಗತ್ತಿಲ್ಲ; ಅಲ್ಲಿ ಅದು ಬರೀ ಪಾಲು. ಒಂದೇ ಜೀನಿನ ಬೇರೆ ಬೇರೆ ರೂಪಗಳು ಆಲೀಲ್‌ಗಳು. ಒಂದು ಜೀವಿಸಮೂಹದಲ್ಲಿ ಆ ಜೀನಿನ ಒಟ್ಟು ಪ್ರತಿಗಳಲ್ಲಿ ಒಂದು ರೂಪದ ಪಾಲೆಷ್ಟೋ ಅದೇ ಆ ಆಲೀಲಿನ ಆವೃತ್ತಿ. ಲಿಂಗ ನಿರ್ಧರಿಸುವ ಕ್ರೋಮೋಸೋಮನ್ನು ಬಿಟ್ಟರೆ ನುಸಿಗೂ (ಅಂದರೆ ಸೊಳ್ಳೆಗೂ) ಮನುಷ್ಯನಿಗೂ ಪ್ರತಿ ಜೀನು ಎರಡೆರಡು ಪ್ರತಿ. ಸಾವಿರ ನುಸಿಗಳಿದ್ದರೆ ಎಣಿಸಬೇಕಾದ್ದು ಎರಡು ಸಾವಿರ ಪ್ರತಿಗಳನ್ನು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ: ಪ್ರತಿಗಳ ಬದಲು ತಲೆ ಎಣಿಸುತ್ತೇವೆ.

ಕಾಸರಗೋಡಿನ ತೋಟದವರಿಗೆ ನುಸಿಗಿಂತ ಹತ್ತಿರದ ಉದಾಹರಣೆ ಬೇಡ. ಬಿದ್ದ ಅಡಿಕೆ ಹಾಳೆಯಲ್ಲಿ, ಮಗುಚಿಡದ ರಬ್ಬರ್ ಗೆರಟೆಯಲ್ಲಿ ಮಳೆನೀರು ನಿಂತರೆ ಹತ್ತು ದಿನದ ಆಸುಪಾಸಿನಲ್ಲಿ ಮೊಟ್ಟೆಯಿಂದ ಹಾರುವ ನುಸಿಯಾಗುತ್ತದೆ. ತಲೆಮಾರು ಇಷ್ಟು ಗಿಡ್ಡವಾದ್ದರಿಂದ ಮನುಷ್ಯರಲ್ಲಿ ಸಾವಿರಾರು ವರ್ಷ ಹಿಡಿಯುವ ಬದಲಾವಣೆ ನುಸಿಯಲ್ಲಿ ಕೆಲವೇ ವರ್ಷಗಳಲ್ಲಿ ಆಗಿಬಿಡಬಹುದು.

ನುಸಿಬತ್ತಿಯಲ್ಲೂ ಔಷಧಿ ಲೇಪಿಸಿದ ಸೊಳ್ಳೆಪರದೆಯಲ್ಲೂ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ಅದು ನರಕೋಶದ ಸೋಡಿಯಂ ನಾಳಕ್ಕೆ (ನರದ ಸಂಕೇತಕ್ಕಾಗಿ ತೆರೆದು ಮುಚ್ಚುವ ಬಾಗಿಲಿಗೆ) ಅಂಟಿಕೊಂಡು ನಾಳ ಮುಚ್ಚದಂತೆ ಮಾಡುತ್ತದೆ; ನುಸಿ ಸೆಟೆದು ಬೀಳುತ್ತದೆ. ಆ ನಾಳದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ವಿಷ ಸರಿಯಾಗಿ ಅಂಟದೆ ಹೋಗಬಹುದು. ಡಿಡಿಟಿ ಕೆಲಸ ಮಾಡುವುದೂ ಇದೇ ನಾಳದ ಮೇಲೆ. ಹಾಗಾಗಿ ಡಿಡಿಟಿಯ ಕಾಲದಲ್ಲಿ ಹೆಚ್ಚಿದ ಆಲೀಲು ಪೈರೆಥ್ರಾಯ್ಡ್ ಬಂದಾಗಲೂ ನುಸಿಯ ಕೈಹಿಡಿಯುತ್ತದೆ.

'ನುಸಿಗಳಿಗೆ ಬತ್ತಿ ಅಭ್ಯಾಸವಾಗಿದೆ' ಎನ್ನುವುದುಂಟು. ಯಾವ ನುಸಿಗೂ ಅಭ್ಯಾಸವಾದದ್ದಲ್ಲ. ವಿಷ ತಗಲುವ ಮೊದಲೇ ಆ ಆಲೀಲು ಎಲ್ಲೋ ಕೆಲವು ನುಸಿಗಳಲ್ಲಿತ್ತು. ವಿಷ ಉಳಿದವನ್ನು ಕೊಂದಿತು, ಅಷ್ಟೆ. ನೈಸರ್ಗಿಕ ಆಯ್ಕೆ ಎನ್ನುವುದು ಇದನ್ನೇ.

ಲೆಕ್ಕ ಹಾಕಿ ನೋಡಿದರೆ ಹೆಚ್ಚು ಸ್ಪಷ್ಟ. ವಿಷ ತಡೆಯುವ ಆಲೀಲು 'ತ', ಸಾಮಾನ್ಯದ್ದು 'ಸ' ಎನ್ನೋಣ. 'ತ' ಅಪ್ರಬಲ, ಅಂದರೆ ಎರಡೂ ಪ್ರತಿ 'ತ' ಆದರೆ ಮಾತ್ರ ರಕ್ಷಣೆ. 'ತ' ಆವೃತ್ತಿ 0.3 ಇದ್ದು ಕೂಡುವಿಕೆ ಯಾದೃಚ್ಛಿಕವಾಗಿದ್ದರೆ (ಯಾವುದು ಯಾವುದರ ಜೊತೆಗಾದರೂ ಕೂಡಿದರೆ) ಸಾವಿರದಲ್ಲಿ ತತ 90 (0.3 × 0.3), ತಸ 420 (2 × 0.3 × 0.7), ಸಸ 490 (0.7 × 0.7). (ಈ ಹಂಚಿಕೆಯ ಸೂತ್ರವನ್ನು 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಬೇರೆ ಬೇರೆಯಾಗಿ ಕೊಟ್ಟರು.) ಔಷಧಿ ಸಿಂಪಡಿಸಿದಾಗ ತತ ಎಲ್ಲವೂ ಉಳಿದು, ಮಿಕ್ಕವುಗಳಲ್ಲಿ ಅರ್ಧ ಸತ್ತವು ಎಂದುಕೊಳ್ಳಿ. ಉಳಿದದ್ದು 90, 210, 245, ಒಟ್ಟು 545 ನುಸಿ, 1090 ಪ್ರತಿ. ಇವುಗಳಲ್ಲಿ 'ತ' 180 ಮತ್ತು 210, ಅಂದರೆ 390. ಹೊಸ ಆವೃತ್ತಿ 0.358. ಒಂದೇ ತಲೆಮಾರಿನಲ್ಲಿ 30ರಿಂದ ಹತ್ತಿರಹತ್ತಿರ 36 ಶೇಕಡಾ.

ಇದೇ ಲೆಕ್ಕವನ್ನು 0.01ರಿಂದ ಶುರು ಮಾಡಿದರೆ ಫಲಿತಾಂಶ 0.0101. ಅಲುಗಾಡಿದಂತೆಯೇ ಕಾಣುವುದಿಲ್ಲ. ಆಗ ತತ ಇರುವುದು ಹತ್ತು ಸಾವಿರಕ್ಕೊಂದು. ಉಳಿದ 'ತ' ಎಲ್ಲಾ ತಸ ನುಸಿಗಳಲ್ಲಿ ಅಡಗಿ ಕೂತಿವೆ, ಅಲ್ಲಿ ಅವುಗಳಿಂದ ಲಾಭವೂ ಇಲ್ಲ. 'ತ' ಪ್ರಬಲವಾಗಿದ್ದರೆ, ಅಂದರೆ ರಕ್ಷಣೆಗೆ ಒಂದೇ ಪ್ರತಿ ಸಾಕಾದರೆ, ಅದೇ 0.01 ಒಂದೇ ತಲೆಮಾರಿನಲ್ಲಿ 0.0196, ಹೆಚ್ಚುಕಡಿಮೆ ಇಮ್ಮಡಿ. ಹೊಸ ಔಷಧಿ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ದಿಢೀರನೆ ಕೈಕೊಟ್ಟಂತೆ ಕಾಣುವುದರ ಗುಟ್ಟು ಬಹುಮಟ್ಟಿಗೆ ಇದೇ.

ಆವೃತ್ತಿ ಬದಲಾಯಿತು ಎಂದ ಮಾತ್ರಕ್ಕೆ ಅದು ಆಯ್ಕೆಯ ಕೆಲಸ ಎನ್ನುವಂತಿಲ್ಲ. ಪಕ್ಕದ ತೋಟದಿಂದ ನುಸಿ ಹಾರಿ ಬಂದರೂ ಬದಲಾಗುತ್ತದೆ. ಒಂದು ಹಾಳೆಯ ನೀರಿನಲ್ಲಿ ಹತ್ತೇ ಮರಿಹುಳು ಉಳಿದರೆ ಬರೀ ಅದೃಷ್ಟದಿಂದಲೂ ಬದಲಾಗುತ್ತದೆ.

ಇನ್ನು, ಆಯ್ಕೆ ಯಾವಾಗಲೂ ಒಂದು ಆಲೀಲನ್ನು ಗೆಲ್ಲಿಸಿ ಇನ್ನೊಂದನ್ನು ಅಳಿಸುತ್ತದೆ ಎಂದೂ ಇಲ್ಲ. ಕುಡಗೋಲು ಕಣ ರೋಗದ (ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗದ) ಆಲೀಲು ವಯನಾಡು, ನೀಲಗಿರಿಯ ಬುಡಕಟ್ಟುಗಳಲ್ಲಿದೆ. ನೀಲಗಿರಿಯಲ್ಲಿ ಅದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ವರದಿ ಮಾಡಿದ್ದು 1952ರಲ್ಲಿ. ಎರಡು ಪ್ರತಿ ಇದ್ದವರಿಗೆ ರೋಗ. ಒಂದೇ ಪ್ರತಿ ಇದ್ದವರಿಗೆ ಮಾರಕ ಮಲೇರಿಯಾದಿಂದ ಸಾಕಷ್ಟು ರಕ್ಷಣೆ. ಮಲೇರಿಯಾದಿಂದ ಈ ಆಲೀಲು ಇಲ್ಲದವರಲ್ಲಿ ನೂರಕ್ಕೆ 10 ಮಂದಿ, ರೋಗದಿಂದ ಎರಡು ಪ್ರತಿಯವರೆಲ್ಲರೂ ಮಕ್ಕಳಾಗುವ ಮೊದಲೇ ಸಾಯುತ್ತಾರೆ ಎಂದು ಇಟ್ಟುಕೊಂಡರೆ, ಆಲೀಲಿನ ಆವೃತ್ತಿಯು ಮಲೇರಿಯಾದ ಸಾವಿನ ಪಾಲು 0.1ನ್ನು ಎರಡೂ ಸಾವಿನ ಪಾಲುಗಳ ಮೊತ್ತ 1.1ರಿಂದ (0.1 + 1) ಭಾಗಿಸಿದಷ್ಟಕ್ಕೆ, ಸುಮಾರು 0.09ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಏರಿದರೆ ರೋಗ ತಗ್ಗಿಸುತ್ತದೆ, ಇಳಿದರೆ ಮಲೇರಿಯಾ ಏರಿಸುತ್ತದೆ.

ಮಲೇರಿಯಾ ಪೂರ್ತಿ ಹೋಯಿತೆನ್ನಿ. ಆಲೀಲು ಬೇಗ ಅಳಿಯಬೇಕಲ್ಲ? ಇಲ್ಲ. ಎರಡು ಪ್ರತಿಯವರೆಲ್ಲ ಸತ್ತರೂ 0.1 ಇದ್ದದ್ದು 0.05ಕ್ಕೆ ಇಳಿಯಲು 10 ತಲೆಮಾರು ಬೇಕು, ತಲೆಮಾರಿಗೆ 25 ವರ್ಷದಂತೆ 250 ವರ್ಷ. ಅಲ್ಲಿಂದ ಮತ್ತೆ ಅರ್ಧವಾಗಲು ಇನ್ನೂ 20 ತಲೆಮಾರು. ಚಿಕಿತ್ಸೆ ಸಿಕ್ಕಿ ಅವರು ಬದುಕಿ ಮಕ್ಕಳನ್ನು ಪಡೆದರೆ ಇಳಿತ ಇದಕ್ಕಿಂತಲೂ ನಿಧಾನ.