ಹಿಂದಿನ ಸೀಟಿಗೆ ಇನ್ನಷ್ಟು ಸ್ಪಂಜು ಬೇಡ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಪಿಕಪ್‌ಗಳು ನನ್ನ ಅಂಗಡಿ ಮುಂದೆ ಬಂದು ನಿಂತವು. ಮೂವರದೂ ಒಂದೇ ಮಾತು: "ಅಣ್ಣಾ, ಹಿಂದಿನ ಸೀಟಿಗೆ ಚೆನ್ನಾಗಿ ಸ್ಪಂಜು ತುಂಬಿಸಿ ಮೆತ್ತಗೆ ಮಾಡಿಕೊಡಿ." ಹಾಸನದಲ್ಲಿ ಇಪ್ಪತ್ತು ವರ್ಷದಿಂದ ಕುಶನ್ ಕೆಲಸ ಮಾಡುತ್ತಿದ್ದೇನೆ. ಈ ಮಾತು ಕಿವಿಗೆ ಬಿದ್ದರೆ ಕೈಲಿರುವ ಕೆಲಸ ಬಿಟ್ಟು ಮೊದಲು ಟೀ ತರಿಸುತ್ತೇನೆ. ವಾದ ಹತ್ತು ನಿಮಿಷಕ್ಕೆ ಮುಗಿಯೋದಿಲ್ಲ ಅಂತ ಗೊತ್ತು.

ಮೊದಲೆಲ್ಲ ಈ ತಕರಾರೇ ಇರಲಿಲ್ಲ. ಬೊಲೆರೊ ಕ್ಯಾಂಪರ್‌ನಂಥ ಗಾಡಿಗಳ ಹಿಂದಿನ ಸೀಟಿನಲ್ಲಿ ತೋಟದ ಕೆಲಸದವರು ಕೂರುತ್ತಿದ್ದರು. ಅವರ ಬೆನ್ನು ಹೇಗಿದೆ ಅಂತ ಯಾರೂ ಕೇಳಲಿಲ್ಲ. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದವು. ಹೆಂಡತಿ, ಮಕ್ಕಳು, ಅತ್ತೆ, ಅಮ್ಮ ಎಲ್ಲರೂ ಪಿಕಪ್ ಹತ್ತತೊಡಗಿದರು. ಆಮೇಲೆ ಬೆನ್ನುನೋವಿನ ಕತೆ ನನ್ನ ಅಂಗಡಿಗೂ ಬಂತು.

ಎರಡು ಸಾಲು ಸೀಟಿರುವ ಡಬಲ್ ಕ್ಯಾಬಿನ್ ಪಿಕಪ್‌ನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಹತ್ತಿಕೊಂಡೇ ಕ್ಯಾಬಿನ್ನಿನ ತಗಡಿನ ಗೋಡೆ ಇರುತ್ತದೆ. ಅದರಾಚೆ ಲೋಡು ಹಾಕುವ ತೊಟ್ಟಿ. ಕಾರಿನಲ್ಲಿ ಡಿಕ್ಕಿಯ ಕಡೆ ಒರಗಲು ಒಂದಿಷ್ಟು ಜಾಗ ಇರುತ್ತದೆ, ಇಲ್ಲಿ ಅದಿಲ್ಲ. ಹಾಗಾಗಿ ಒರಗುವ ಭಾಗ ನೆಟ್ಟಗೆ ನಿಂತಿರುತ್ತದೆ. ನೆಟ್ಟಗೆ ಕೂತ ಮನುಷ್ಯ ಹತ್ತು ಕಿಲೋಮೀಟರ್‌ನಲ್ಲಿ ಸೊಂಟವನ್ನು ಮುಂದಕ್ಕೆ ಜಾರಿಸಿ, ಬೆನ್ನು ಗೂನು ಮಾಡಿಕೊಂಡು ಕೂರುತ್ತಾನೆ. ನೋವು ಶುರುವಾಗೋದು ಆಗ. ಸೀಟು ಗಟ್ಟಿಯಾಗಿದೆ ಅಂತ ಅವನಿಗೆ ಅನ್ನಿಸುತ್ತದೆ. ಆದರೆ ತಪ್ಪಿರೋದು ಓರೆಯಲ್ಲಿ. ಕೂರುವ ಭಾಗ ಮುಂದೆ ಎತ್ತರ, ಹಿಂದೆ ಸ್ವಲ್ಪ ತಗ್ಗು ಇದ್ದರೆ ಸೊಂಟ ಮುಂದಕ್ಕೆ ಜಾರೋದಿಲ್ಲ.

ಇದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ಟೀ ಮುಗಿದ ಮೇಲೂ ಜನ "ಸರಿ ಅಣ್ಣಾ, ಎರಡಿಂಚು ಹಾಕಿಬಿಡಿ" ಅಂತಲೇ ಅನ್ನುತ್ತಾರೆ. ಸೀಟಿನ ಉದ್ದಗಲಕ್ಕೂ ಎರಡಿಂಚು ಸ್ಪಂಜು ಹಾಸಿದರೆ ಓರೆ ಮೊದಲಿದ್ದಷ್ಟೇ ಇರುತ್ತದೆ. ನೀವು ಮಾತ್ರ ಮೇಲೇರುತ್ತೀರಿ. ತಲೆ ಚಾವಣಿಗೆ ಹತ್ತಿರವಾಗುತ್ತದೆ, ಕಾಲು ನೆಲದಿಂದ ದೂರವಾಗುತ್ತದೆ. ಒರಗುವ ಭಾಗಕ್ಕೂ ಸ್ಪಂಜು ಹಾಕಿಸಿದರೆ ಇನ್ನೂ ಕೆಟ್ಟದ್ದು. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ.

ಸಕಲೇಶಪುರ ಕಡೆಯ ತೋಟದವರೊಬ್ಬರು ಬೇರೆಲ್ಲೋ ಮೂರಿಂಚು ಸ್ಪಂಜು ಹಾಕಿಸಿಕೊಂಡು, ಆಮೇಲೆ ನನ್ನ ಹತ್ತಿರ ಬಂದರು. ಜೊತೆಗೆ ಅವರ ತಾಯಿ, ಎಪ್ಪತ್ತು ದಾಟಿದವರು. ಮಗ ನನಗೆ ಡೆನ್ಸಿಟಿ ಪಾಠ ಮಾಡುತ್ತಿದ್ದಾಗ ಅಮ್ಮ ಸೀಟಿನಲ್ಲೇ ಕೂತಿದ್ದರು. ಹವಾಯಿ ಚಪ್ಪಲಿ ನೆಲದ ಮೇಲೆ, ಪಾದ ಗಾಳಿಯಲ್ಲಿ. "ನನಗೇನು ಸೀಟು ಗಟ್ಟಿ ಅಂತಿಲ್ಲಪ್ಪ. ಕಾಲು ನೇತಾಡ್ತವೆ, ಕೂತಲ್ಲೇ ಜಾರ್ತೀನಿ" ಅಂದರು. ಇಡೀ ರೋಗ ಅಷ್ಟೇ. ಮೂರಿಂಚನ್ನೂ ಕಿತ್ತು ಹಾಕಿದೆ. ಮೂಲ ಸ್ಪಂಜಿನ ಹಿಂಭಾಗವನ್ನು, ಕುಂಡೆ ಊರುವ ಕಡೆ, ಒಂದಿಂಚಿನಷ್ಟು ಕೆತ್ತಿದೆ. ಅಮ್ಮ ಮತ್ತೆ ಹತ್ತಿ ಕೂತರು. ಪಾದ ನೆಲ ಮುಟ್ಟಿತು. ಮಗ ಮಾತ್ರ "ಮೂರೂವರೆ ಸಾವಿರ ಹೋಯ್ತಲ್ಲ" ಅಂತ ಆ ಸ್ಪಂಜನ್ನೇ ನೋಡುತ್ತಿದ್ದರು.

ಕೆತ್ತುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಒಳಗಿನ ಕಬ್ಬಿಣ ಎಲ್ಲಿದೆ ಅಂತ ಗೊತ್ತಿಲ್ಲದೆ ಕೊಯ್ದರೆ ಆಮೇಲೆ ಅದರ ಮೇಲೇ ಕೂರಬೇಕಾಗುತ್ತದೆ. ಎತ್ತರದವರಿಗೆ ಬೇಕಾದ್ದನ್ನು ಮಾತ್ರ ಮನೆಯಲ್ಲೇ ಮಾಡಿಕೊಳ್ಳಬಹುದು. ಅವರ ತೊಡೆಗೆ ಮುಂದೆ ಆಸರೆ ಇರುವುದಿಲ್ಲ. ಒಂದು ಟವೆಲ್ ಮಡಚಿ ಸೀಟಿನ ಮುಂಭಾಗದಲ್ಲಿ, ತೊಡೆಯ ಕೆಳಗೆ ಬರುವಂತೆ ಇಡಿ. ಬೆರಳಗಲದ ದಪ್ಪ ಸಾಕು. ಹಾಗೇ ಹಾಸನದಿಂದ ಬೇಲೂರಿಗೆ ಹೋಗಿ ಬನ್ನಿ. ಸೊಂಟ ತಾನಾಗಿ ಹಿಂದಕ್ಕೆ ಸರಿದು ಬೆನ್ನು ಒರಗಿಕೊಂಡಿತಾ? ಹಾಗಾದರೆ ನಿಮಗೆ ಆಪು ಬೇಕು. ಏನೂ ವ್ಯತ್ಯಾಸ ಅನ್ನಿಸದಿದ್ದರೆ ಟವೆಲ್ ತೆಗೆದು ಮುಖ ಒರೆಸಿಕೊಳ್ಳಿ, ಖರ್ಚೇನೂ ಆಗಲಿಲ್ಲವಲ್ಲ.

ಆಪು ಅಂದರೆ ಮುಂದೆ ಒಂದು, ಒಂದೂವರೆ ಇಂಚು ದಪ್ಪ ಇದ್ದು, ಹಿಂದಕ್ಕೆ ಹೋಗುತ್ತಾ ಸೊನ್ನೆಯಾಗುವ ಸ್ಪಂಜು. ಅಂಗಡಿಯಲ್ಲಿ 40 ಡೆನ್ಸಿಟಿ ಕೇಳಿ. ಡೆನ್ಸಿಟಿ ಅಂದರೆ ಗಟ್ಟಿತನ ಅಲ್ಲ. ಒಂದು ಘನ ಮೀಟರ್ ಸ್ಪಂಜು ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ. ತೂಕ ಜಾಸ್ತಿ ಇದ್ದರೆ ಬೇಗ ಚಪ್ಪಟೆಯಾಗೋದಿಲ್ಲ, ಅಷ್ಟೇ. ಗಟ್ಟಿಯೋ ಮೆದುವೋ ಅನ್ನೋದನ್ನು ಒತ್ತಿ ನೋಡಿಯೇ ತಿಳಿಯಬೇಕು. ಹೆಬ್ಬೆರಳಿನಿಂದ ಒತ್ತಿದರೆ ತಳ ಸಿಗಬಾರದು. ಸೀಟಿನ ಕವರಿನ ಒಳಗೆ ತೂರಿಸಿ ಕೂತು ನೋಡಿ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಆಡಬೇಕು. ಒತ್ತುತ್ತಿದ್ದರೆ ಆಪು ಜಾಸ್ತಿಯಾಗಿದೆ.

ರೆಗ್ಜಿನ್ ಕವರ್ ಇದ್ದವರು ಜಾರುವುದು ಇನ್ನೂ ಜಾಸ್ತಿ. ನನ್ನ ಸ್ವಂತ ಗಾಡಿಯಲ್ಲಿ ನವಲಗುಂದದ ಹಳೇ ಜಮಖಾನವೊಂದನ್ನು ಸೀಟಿನ ಅಳತೆಗೆ ಮಡಚಿ, ನಾಲ್ಕು ಮೂಲೆಗೆ ಅಗಲದ ಎಲಾಸ್ಟಿಕ್ ಹೊಲಿದು ಬಿಗಿದಿದ್ದೇನೆ. ಬೆವರೂ ಇಲ್ಲ, ಜಾರೋದೂ ಇಲ್ಲ. ಬಂದವರಿಗೆಲ್ಲ ತೋರಿಸುತ್ತೇನೆ. ಯಾರೂ ಮಾಡಿಸಿಕೊಂಡಿಲ್ಲ, ಅವರಿಗೆ ಡೈಮಂಡ್ ಹೊಲಿಗೆಯೇ ಬೇಕು.

ಸೀಟಿನ ಬೋಲ್ಟುಗಳ ವಿಷಯ. ಮುಂದಿನ ಬೋಲ್ಟಿಗೆ ವಾಷರ್ ಕೊಟ್ಟು ಸೀಟನ್ನೇ ಓರೆ ಮಾಡುವ ವಿಡಿಯೋ ತಂದು ತೋರಿಸುತ್ತಾರೆ. ನಾನು ಮಾಡೋದಿಲ್ಲ. ಡಿಕ್ಕಿ ಹೊಡೆದಾಗ ಸೀಟನ್ನೂ ಅದರ ಮೇಲಿರುವವರನ್ನೂ ಹಿಡಿಯೋದು ಆ ಬೋಲ್ಟುಗಳು. ಬೆಲ್ಟಿನ ಬೋಲ್ಟನ್ನಂತೂ ಸಡಿಲ ಕೂಡ ಮಾಡಬೇಡಿ. ಮೆತ್ತನೆ ಸ್ಪಂಜಿನ ಮೇಲೆ ನನಗೆ ಸಿಟ್ಟಿರುವುದಕ್ಕೂ ಬೆಲ್ಟೇ ಒಂದು ಕಾರಣ. ಬೆಲ್ಟಿನ ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು. ಹುಗಿದು ಹೋಗುವ ಸೀಟಿನಲ್ಲಿ ಅದು ಹೊಟ್ಟೆ ಮೇಲೆ ಬರುತ್ತದೆ, ಗಾಡಿ ಗುದ್ದಿದಾಗ ಮನುಷ್ಯ ಅದರಡಿ ಜಾರುತ್ತಾನೆ. ಮಗುವಿನ ಸೀಟು ಕಟ್ಟುವ ಜಾಗದಲ್ಲಿ ಆಪು, ಜಮಖಾನ ಯಾವುದೂ ಬೇಡ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ ಅನ್ನೋದು ನಿಮಗೆ ಗೊತ್ತೇ ಇದೆ.

ಇಷ್ಟಾದರೂ "ಹಿಂದೆ ಎತ್ತಿ ಹಾಕುತ್ತೆ" ಅಂತ ಬರುವವರಿಗೆ ನನ್ನ ಅಂಗಡಿಯಲ್ಲಿ ಮದ್ದಿಲ್ಲ. ಪಿಕಪ್‌ನ ಹಿಂದಿರುವ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಲೋಡಿಗೆ ಅಂತ ಮಾಡಿದ್ದು, ಖಾಲಿ ಗಾಡಿಯಲ್ಲಿ ಅದು ಅಷ್ಟಾಗಿ ಬಗ್ಗೋದಿಲ್ಲ. ಆ ಮೂವರಲ್ಲಿ ಕೊನೆಯವರ ಸಮಸ್ಯೆ ಇದೇ ಆಗಿತ್ತು. ಡ್ರೈವರ್ ಬಾಗಿಲು ತೆಗೆಸಿ, ಬಾಗಿಲ ಕಂಬದ ಮೇಲಿನ ಟೈರ್ ಗಾಳಿಯ ಸ್ಟಿಕ್ಕರ್ ಓದಿಸಿದೆ. ಖಾಲಿ ಗಾಡಿಗೆ ಒಂದು ಗಾಳಿ, ಲೋಡಿಗೆ ಒಂದು ಗಾಳಿ ಅಂತ ಬರೆದಿತ್ತು. ಇವರು ವರ್ಷವಿಡೀ ಲೋಡಿನ ಗಾಳಿಯಲ್ಲೇ ಓಡಿಸಿದ್ದರು. ಎದುರಿನ ಪಂಕ್ಚರ್ ಅಂಗಡಿಗೆ ಕಳಿಸಿದೆ. ವಾಪಸ್ ಬಂದು, "ಅಣ್ಣಾ, ಪರವಾಗಿಲ್ಲ ಈಗ" ಅಂದರು. ಒಂದು ಕ್ಷಣ ನಿಂತು, "ಆದ್ರೂ ಒಂದಿಂಚು ಹಾಕಿಬಿಡೋಣ್ವಾ?" ಅಂದರು.

ಎರಡನೇ ಟೀ ತರಿಸಿದೆ.