ಏಳನೇ ನಮೂನೆಯ ಹಿಂದಿದ್ದವರು

ಕಾರವಾರ, ಅಂಕೋಲಾ ಕೋರ್ಟುಗಳಲ್ಲಿ ಜಮೀನಿನ ವ್ಯಾಜ್ಯ ನಡೆಸುವ ನನ್ನಂಥ ವಕೀಲರಿಗೆ ಸಾಮಾಜಿಕ ಕ್ರಾಂತಿಯ ಗುರುತು ಸಿಗುವುದು ಹಳೆಯ ಪಹಣಿಗಳಲ್ಲಿ. ತಲೆಮಾರುಗಳಿಂದ ಚಾಲಗೇಣಿ (ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲಾಗಿದ್ದವನ ಹೆಸರು ಎಪ್ಪತ್ತರ ದಶಕದ ಬಳಿಕ ಕಬ್ಜೇದಾರನ, ಅಂದರೆ ಜಮೀನಿನ ಹಕ್ಕುದಾರನ, ಕಾಲಮ್ಮಿಗೆ ಏರುತ್ತದೆ. ಇದನ್ನು ಅಂದಿನ ಮುಖ್ಯಮಂತ್ರಿ ದೇವರಾಜ ಅರಸರ ಲೆಕ್ಕಕ್ಕೆ ಬರೆಯುವುದು ರೂಢಿ. ಭೂಸುಧಾರಣಾ ಕಾಯ್ದೆಯ ಮಟ್ಟಿಗೆ ಅದು ಸರಿಯೇ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ನಿಹಿತವಾಯಿತು, ಅಂದರೆ ಅದರ ಒಡೆತನ ಸರ್ಕಾರಕ್ಕೆ ಹೋಯಿತು. ಆದರೆ ಅದು ಒಕ್ಕಲಿನ ಕೈಗೆ ತಾನಾಗಿ ಬರುವಂತಿರಲಿಲ್ಲ. ಅವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ, ಒಡೆಯರ ಎದುರಿಗೇ, ಈ ಗದ್ದೆ ಮಾಡುತ್ತಿರುವವನು ನಾನು ಎನ್ನಬೇಕಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ (ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1987ರಲ್ಲಿ). ಗೇಣಿ ರಸೀದಿ ಇಲ್ಲದವನಿಗೆ ಪಕ್ಕದ ಗದ್ದೆಯವನ ಸಾಕ್ಷಿಯೇ ಗತಿ, ಆ ಪಕ್ಕದವನೂ ಅನೇಕ ಸಲ ಅದೇ ಒಡೆಯರ ಒಕ್ಕಲು.

ಹಾಗೆ ಎದ್ದು ನಿಲ್ಲುವ ಧೈರ್ಯ ಕಾಯ್ದೆಯ ಪ್ರತಿಯೊಂದಿಗೆ ಬೆಂಗಳೂರಿನಿಂದ ಬಂದಿರಲಿಲ್ಲ. ಅಂಕೋಲೆಯ ಸುತ್ತಮುತ್ತ ಹಾಲಕ್ಕಿ ಒಕ್ಕಲಿಗರನ್ನೂ ಇತರ ಗೇಣಿದಾರರನ್ನೂ ದಿನಕರ ದೇಸಾಯಿಯವರು ಮೂರು ದಶಕಗಳ ಮೊದಲೇ ಸಂಘಟಿಸಿದ್ದರು. 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿದ್ದನ್ನು ನೋಡಿದರೆ, ಆ ಕೆಲಸದ ತೂಕ ಆಳುವವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತೆನ್ನಬೇಕು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಆಮೇಲಿನದು: 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಒಕ್ಕಲು ಮಕ್ಕಳ ಬಾಗಿಲಿಗೇ ಶಾಲೆ ತಂದದ್ದು. ಹಳೆಯ ಫೈಲುಗಳಲ್ಲಿ ಅಪ್ಪನ ಹೆಬ್ಬೆಟ್ಟಿನ ಕೆಳಗೆ ‘ಬರೆದವನು’ ಎಂದು ಮಗ ಹಾಕಿದ ದುಂಡಗಿನ ಸಹಿ ಕಂಡಾಗ, ಆ ಶಾಲೆಗಳ ನೆನಪಾಗದೆ ಇರದು.

ಹಾಗೆಂದು ಅಸಮಾಧಾನವನ್ನು ಹುಟ್ಟಿಸಿದವರು ನಾಯಕರೇ ಎಂದರೆ ತಪ್ಪಾದೀತು. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳ ಮೊದಲೇ ಇತ್ತು. ಗಣಪತಿಯಪ್ಪನವರು ಅದಕ್ಕೆ ಸಂಘಟನೆಯ ರೂಪ ಕೊಟ್ಟರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ 1951ರಲ್ಲಿ ಬಂದು ಬಂಧನಕ್ಕೊಳಗಾದಾಗ ಅದು ದೇಶದ ಸುದ್ದಿಯಾಯಿತು.

ನಾಯಕರು ಕಾಣದೆ ಬಿಟ್ಟದ್ದೂ ಕಾಗದದಲ್ಲಿ ಹಾಗೆಯೇ ಉಳಿಯುತ್ತದೆ. ನಟ್ಟಿ, ಕಳೆ, ಕೊಯ್ಲು ಮಾಡಿದವರು ಹೆಂಗಸರು. ನಾನು ಕಂಡ ಅರ್ಜಿಗಳಲ್ಲಿ ಹೆಸರು ಮಾತ್ರ ಹೆಚ್ಚಾಗಿ ಮನೆಯ ಹಿರಿಯ ಗಂಡಸಿನದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಪಾಲು ಕೇಳಿ ಬರುವ ಹೆಣ್ಣುಮಕ್ಕಳು, ಅಪ್ಪ ಆ ಅರ್ಜಿಯನ್ನು ತನ್ನೊಬ್ಬನಿಗಾಗಿ ಹಾಕಿದ್ದನೋ ಇಡೀ ಮನೆತನದ ಪರವಾಗಿಯೋ ಎಂಬುದನ್ನೇ ಮೊದಲು ಸಾಬೀತು ಮಾಡಬೇಕಾಗಿದೆ.